ಈ ವರ್ಷದ ಒಂದೇ ಎಸೆತ

ಪೈನ್ ಲ್ಯಾಂಡಿಂಗ್, ಮಿಷಿಗನ್
ಭಾನುವಾರ, 18 ಅಕ್ಟೋಬರ್ 1987

ಪ್ರೀತಿಯ ಅಪ್ಪ,

ಸೊಂಟದ ನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಸೆಕೆಯಿಂದ ನೇರ ಗಾಳಿಗೆ ಬಂದು ನಿಲ್ಲಬೇಡಿ ಎಂದು ಅಮ್ಮ ಬರೆಸುತ್ತಿದ್ದಾಳೆ. ತಾನು ಹೆಣೆದ ಉಣ್ಣೆಯ ಕಾಲುಚೀಲವನ್ನು ಹಾಕಿಕೊಳ್ಳುತ್ತೀರೋ, ಪೆಟ್ಟಿಗೆಯಲ್ಲಿ ಇಟ್ಟು ಪೂಜೆ ಮಾಡುತ್ತೀರೋ ಎಂದು ಅಜ್ಜಿ ಕೇಳುತ್ತಿದ್ದಾಳೆ. ಈ ಕಾಗದವನ್ನು ಡೆಟ್ರಾಯಿಟ್ ನದಿಯಲ್ಲಿ ನೀವು ಹಗ್ಗಕ್ಕೆ ಕಟ್ಟಿದ ಬಕೆಟ್ಟಿನಲ್ಲಿ ಅಂಚೆ ದೋಣಿಯಿಂದ ಮೇಲೆಳೆದುಕೊಳ್ಳುವುದನ್ನು ನೆನೆದರೆ ನನಗೆ ಇಲ್ಲೇ ಸಂತೋಷವಾಗುತ್ತದೆ. ಜೊತೆಗೆ ಅಜ್ಜಿಯ ಏಲಕ್ಕಿ ಬ್ರೆಡ್ಡೂ ಇದೆ. ಎಲ್ಲರಿಗೂ ಹಂಚಿಬಿಡಬೇಡಿ.

ನಾವೆಲ್ಲ ಚೆನ್ನಾಗಿದ್ದೇವೆ. ನಾನು ಶುಕ್ರವಾರಗಳಂದು ಶಾಲೆಯ ಫುಟ್‌ಬಾಲ್ ಮೈದಾನದಲ್ಲಿ ಕಾಫಿ ಸುರಿಯುತ್ತಿದ್ದೇನೆ. ನಾಲ್ಕು ವರ್ಷ ಸಾಹಿತ್ಯ ಓದಿ ಬಂದವಳು ಮಾಡುವ ಕೆಲಸವೇ ಎಂದು ಅಜ್ಜಿ ನಗುತ್ತಾಳೆ. ಕಾಫಿ ಸುರಿಯುವವಳನ್ನು ಯಾರೂ ಮಾತಿಗೆಳೆಯುವುದಿಲ್ಲ ಅಪ್ಪ, ಅದೇ ನನಗೆ ಹಿತ. ನಮ್ಮ ಹುಡುಗರು ಕೂರುವ ಬೆಂಚಿನ ಬೆನ್ನಿಗೇ ನನ್ನ ಮೇಜು ಇರುವುದರಿಂದ ತಮ್ಮ ನೀಲ್‌ನ ಬಗ್ಗೆ ನಾನು ಬರೆಯುವುದೆಲ್ಲ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

ನಿಮ್ಮ ಮಗ ಈ ವರ್ಷ ಕ್ವಾರ್ಟರ್‌ಬ್ಯಾಕ್, ತಂಡಕ್ಕೆ ಚೆಂಡು ಎಸೆದು ಕೊಡುವವನು, ಎಂಬುದು ಹೆಸರಿಗೆ ಮಾತ್ರ. ಚೆಂಡು ನಮ್ಮದಾದಾಗಲೆಲ್ಲ ಕೋಚ್ ಟ್ರೆವಾರೋ ಒಬ್ಬ ಹುಡುಗನ ಬಾಯಲ್ಲಿ ಅಪ್ಪಣೆ ಕಳಿಸುತ್ತಾರೆ, ಅಪ್ಪಣೆ ಯಾವಾಗಲೂ ಒಂದೇ. ಚೆಂಡನ್ನು ಮಾಕಿ ಮನೆಯ ಹುಡುಗನ ಹೊಟ್ಟೆಗೆ ಒತ್ತಿ ಕೊಡು. ಅವನು ತಲೆ ತಗ್ಗಿಸಿ ಜನರ ರಾಶಿಯೊಳಗೆ ನುಗ್ಗುತ್ತಾನೆ, ಎರಡು ಹೆಜ್ಜೆ ಮುಂದೆ ಬೀಳುತ್ತಾನೆ. ಮತ್ತೆ ಅದೇ, ಮತ್ತೆ ಅದೇ, ಕೊನೆಗೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುವುದು. "ಆ ಮನುಷ್ಯ ಚೆಂಡನ್ನ ಮೊಟ್ಟೆ ಅಂದ್ಕೊಂಡಿದಾನೆ" ಎಂದು ಅಜ್ಜಿ ಕೂತಲ್ಲಿಂದಲೇ ಗಟ್ಟಿಯಾಗಿ ಹೇಳುತ್ತಾಳೆ, ಅಮ್ಮ ಅವಳ ತೋಳು ಚಿವುಟುತ್ತಾಳೆ. ಎಸೆತ ಎಂಬುದನ್ನು ನಮ್ಮೂರು ಈ ವರ್ಷ ನೋಡಿಯೇ ಇರಲಿಲ್ಲ. ನಾನು ಮಾತ್ರ ನೋಡುತ್ತಿದ್ದೆ. ಸಂಜೆ ನೀಲ್ ನನ್ನನ್ನು ಉಗಿಸ್ನಾನದ ಸೌನಾ ಮನೆಯ ಹಿಂದೆ ನಿಲ್ಲಿಸಿ, ಆ ಕಡೆಯಿಂದ ಹೊಗೆಕೊಳವೆಯ ಮೇಲೆ ಹಾಯಿಸಿ ಎಸೆಯುತ್ತಾನೆ. ಅವನಿಗೆ ನಾನು ಕಾಣುವುದಿಲ್ಲ, ನನಗೆ ಅವನು ಕಾಣುವುದಿಲ್ಲ. ಚೆಂಡು ಮಾತ್ರ ತಾನಾಗಿ ನನ್ನ ಎದೆಗೆ ಬಂದು ಕೂರುತ್ತದೆ. ಎರಡು ವರ್ಷದ ಹಿಂದೆ ಬಲ ಹೆಗಲ ಮೂಳೆ ಮುರಿದುಕೊಂಡಿದ್ದ ಹುಡುಗ ಇವನೇ ಎಂದರೆ ನೀವು ನಂಬುವುದಿಲ್ಲ.

ಮೊನ್ನೆ ಶುಕ್ರವಾರ ಐರನ್ ಬೇ ಊರಿನವರು ಆಡಲು ಬಂದಿದ್ದರು. ಸರೋವರದ ಕಡೆಯಿಂದ ಗಾಳಿ, ಸೋನೆ, ಸಾಬೂನಿನಂತೆ ಜಾರುವ ಚೆಂಡು. ನಾವು ಬಹಳ ಹಿಂದೆ ಬಿದ್ದಿದ್ದೆವು. ಅರ್ಧ ಆಟ ಮುಗಿದ ಮೇಲೆ ಒಮ್ಮೆ, ಮಾಮೂಲಿನಂತೆ ಮಾಕಿಗೆ ಕೊಡಬೇಕಿದ್ದ ಚೆಂಡು ನೀಲ್‌ನ ಕೈಗೇ ಸರಿಯಾಗಿ ಬರಲಿಲ್ಲ, ತಲೆಯ ಮೇಲೆ ಹಾದು ಹಿಂದೆ ಬಿತ್ತು. ಅವನು ಓಡಿಹೋಗಿ ಎತ್ತಿಕೊಂಡು ತಿರುಗುವಷ್ಟರಲ್ಲಿ ಇಬ್ಬರು ಮೈಮೇಲೆ ಬಂದಿದ್ದರು. ಕೊಡಲು ಯಾರೂ ಇಲ್ಲ. ಎಸೆದ. ಆ ಗಾಳಿಯಲ್ಲಿ ಚೆಂಡು ಒಂದಿಷ್ಟೂ ಅಲುಗಾಡದೆ ಮೈದಾನದ ಅರ್ಧವನ್ನು ದಾಟಿತು. ಎಡ ಅಂಚಿನಲ್ಲಿ ಒಬ್ಬನೇ ಓಡುತ್ತಿದ್ದ ನಮ್ಮ ತಂಡದ ಲೆಸ್‌ಗೆ ಕೈ ಚಾಚಬೇಕಾದ ಕಷ್ಟವೂ ಬರಲಿಲ್ಲ, ಹಿಡಿದವನೇ ಕೊನೆಯ ಗೆರೆ ದಾಟಿಬಿಟ್ಟ. ಊರಿಗೆ ಊರೇ ಎದ್ದು ನಿಂತಿತು ಅಪ್ಪ. ನಾನು ಕಾಫಿಯನ್ನು ಲೋಟದ ಬದಲು ಮೇಜಿಗೆ ಸುರಿಯುತ್ತಿದ್ದೆ.

ಕೊನೆಗೆ ನಾವು ನಾಲ್ಕೇ ಅಂಕ ಹಿಂದಿದ್ದೆವು. ಗೆರೆ ದೂರವಿತ್ತು, ಒಂದೇ ಅವಕಾಶ ಉಳಿದಿತ್ತು. ಆಟ ನಿಲ್ಲಿಸಿ ನೀಲ್ ಬೆಂಚಿನ ಹತ್ತಿರ ಬಂದ.

"ಮಾಕಿಗೆ ಕೊಡು" ಎಂದರು ಕೋಚ್.

"ಕೋಚ್, ಲೆಸ್‌ನ ಯಾರೂ ಕಾಯ್ತಿಲ್ಲ. ಆಗ್ಲೇ ನೋಡಿದ್ರಲ್ಲ."

"ನೋಡ್ದೆ. ಒಂದ್ಸಲ ಸಾಕು. ಎಸೆಯೋಕೆ ನಿಂತ್ರೆ ಇಬ್ರು ಬಂದು ನಿನ್ನ ಮೇಲೆ ಬೀಳ್ತಾರೆ."

"ಬೀಳ್ಲಿ ಬಿಡಿ."

"ಬೇಡ ಕಣೋ. ಕೊಟ್ಟ ಮಾತಿದೆ."

ನೀಲ್ ಅವರ ಮುಖವನ್ನೇ ನೋಡಿದ. ಆಮೇಲೆ "ಸರಿ ಕೋಚ್" ಎಂದು ತಿರುಗಿ ಹೋದ. ಅಪ್ಪಣೆ ಮೀರಿ ಎಸೆಯಬಹುದಿತ್ತು, ಊರೆಲ್ಲ ಹೊತ್ತು ಮೆರೆಸುತ್ತಿತ್ತು. ಅವನು ಚೆಂಡನ್ನು ಮಾಕಿಗೆ ಕೊಟ್ಟ. ಮಾಕಿ ರಾಶಿಯೊಳಗೆ ಹೋದ, ಅಲ್ಲೇ ಉಳಿದ. ಸೋತೆವು.

ಜನ ಕೋಚ್‌ರನ್ನು ನನ್ನ ಮೇಜಿನ ಹತ್ತಿರ ಹಿಡಿದರು. ಕ್ಷೌರದಂಗಡಿಯ ಆಸ್ಕರ್ ಎಲ್ಲರಿಗೂ ಕೇಳುವ ಹಾಗೆ, "ಅಲ್ಲಯ್ಯಾ ಟ್ರೆವಾರೋ, ದೇವ್ರು ನಿನ್ನ ಕೈಗೆ ಬಂದೂಕು ಕೊಟ್ರೆ ನೀನು ಅದನ್ನ ಊರುಗೋಲು ಮಾಡ್ಕೊಂಡಿದೀಯಲ್ಲ" ಎಂದ. ನಗು. ಕೋಚ್ ಬಗ್ಗಿ ಚೆಂಡುಗಳ ಚೀಲ ಎತ್ತಿಕೊಂಡರು. ಆಗ ನೀಲ್ ಬಂದ, ಮೈಯೆಲ್ಲ ಕೆಸರು. "ಆಸ್ಕರ್ ಮಾಮ, ಚೆಂಡು ನನ್ನ ಕೈಲಿತ್ತು. ಬೈಯೋದಿದ್ರೆ ನನ್ನ ಬೈಯಿರಿ. ಆದ್ರೆ ನಾಳೆ ಕ್ಷೌರಕ್ಕೆ ಬರ್ತೀನಿ, ಕಿವಿ ಮಾತ್ರ ಬಿಟ್ಬಿಡಿ" ಎಂದ. ಆಸ್ಕರನಿಗೇ ನಗು ಬಂತು. ನೀಲ್ ಆ ದೊಡ್ಡ ಚೀಲವನ್ನು ಕೋಚ್ ಕೈಯಿಂದ ಇಸಿದುಕೊಂಡು, ಮುರಿದಿತ್ತಲ್ಲ ಆ ಬಲ ಹೆಗಲಿನ ಮೇಲೇ ಹಾಕಿಕೊಂಡು ನಡೆದ. ಕೋಚ್ ಆ ಹೆಗಲನ್ನೇ ನೋಡುತ್ತ ಹಿಂದೆ ಹೋದರು. ಆ ಎಸೆತಕ್ಕಿಂತ ಹೆಚ್ಚಿನ ಹೆಮ್ಮೆ ನನಗೆ ಆಗಲೇ ಆಯಿತು. ನೀವು ನೋಡಬೇಕಿತ್ತು.

ಅಮ್ಮನ ಪ್ರೀತಿ, ಅಜ್ಜಿಯ ಆಶೀರ್ವಾದ ನಿಮಗೂ ನಿಮ್ಮ ಹಡಗಿಗೂ. ನೀರು ಶಾಂತವಾಗಿರಲಿ.

ನಿಮ್ಮ ಮಗಳು,
ಕಾರಿನ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ನೀಲ್‌ನನ್ನು ಕೇಳಿದೆ, ಅದೇನು ಕೊಟ್ಟ ಮಾತು, ಯಾರಿಗೆ ಎಂದು. ಪಾತ್ರೆ ಒರೆಸುತ್ತಿದ್ದವನು ತಟ್ಟೆ ಕೆಳಗಿಟ್ಟು ಹೇಳಿದ. ಮಾರ್ಚಿನಲ್ಲಿ ಹಡಗು ಹತ್ತುವ ಮುಂಚೆ ನೀವು ಕೋಚ್ ಕೈ ಹಿಡಿದು, "ನಾನು ಬರೋವರೆಗೂ ಹುಡುಗನ ಹೆಗಲು ಜೋಪಾನ" ಎಂದಿರಂತೆ. ಅವರು ಹೂಂ ಎಂದರಂತೆ. ಶುಕ್ರವಾರ ಚೀಲ ಇಳಿಸಿದ ಮೇಲೆ ಕೋಚೇ ಅವನಿಗೆ ಹೇಳಿದ್ದು. ಕೋಚ್ ಊರಿನವರ ಮಾತನ್ನೆಲ್ಲ ನುಂಗಿಕೊಂಡು ನಿಮ್ಮ ಹೆಸರನ್ನು ಮಾತ್ರ ಎಲ್ಲೂ ಎತ್ತಿಲ್ಲ. "ಅಪ್ಪಂಗೆ ಬರೀಬೇಡ ಕಣೇ, ಒಬ್ರೇ ಇರ್ತಾರೆ, ಸುಮ್ನೆ ಕೊರಗ್ತಾರೆ" ಎಂದ ನೀಲ್. ಅವನ ಮಾತು ಮೀರಿ ಬರೆಯುತ್ತಿದ್ದೇನೆ. ಹೆಗಲು ಚೆನ್ನಾಗಿ ಕೂಡಿದೆ ಅಪ್ಪ, ಎಸೆದದ್ದನ್ನು ಹಿಡಿಯುವವಳು ನಾನು, ನನಗೆ ಗೊತ್ತು. ಕೊನೆಯ ಪಂದ್ಯ ಮೂವತ್ತನೇ ತಾರೀಖು ಶುಕ್ರವಾರ, ಆಮೇಲೆ ಅವನಿಗೆ ಶಾಲೆಯ ಆಟವೇ ಮುಗಿಯಿತು. ಮೊದಲು ಸಿಕ್ಕ ಬಂದರಿನಿಂದ ಕೋಚ್‌ಗೆ ಫೋನ್ ಮಾಡಿ. ಬೇರೆ ಯಾರು ಹೇಳಿದರೂ ಅವರು ಕೇಳುವುದಿಲ್ಲ. ಆ ಮಾತನ್ನು ವಾಪಸ್ ತೆಗೆದುಕೊಳ್ಳಿ.