ಕ್ರಾಪ್ ಮಾಡಿದ ಮೂಲೆ

ಜೂನ್ 7, ಶನಿವಾರ

ಬೆಳಗಿನಿಂದ ಪಾಸ್‌ಪೋರ್ಟ್ ಸೈಜ್, ಹದಿನಾಲ್ಕು ಜನ. "ಗದ್ದ ಸ್ವಲ್ಪ ಕೆಳಗೆ" ಎನ್ನಲೂ ನನಗೆ ಬಾಯಿ ಬರುವುದಿಲ್ಲ, ಕೈಯಲ್ಲಿ ತೋರಿಸುತ್ತೇನೆ. ಒಬ್ಬರು ಅದನ್ನು ನೋಡಿ ಗದ್ದ ಒರೆಸಿಕೊಂಡರು. ಮಾವನಿಗೆ ನಗು ತಡೆಯಲಾಗಲಿಲ್ಲ. ಸ್ಟುಡಿಯೋ ಅವರದು, ಸೋದರಸೊಸೆ ನಾನು. ಯಾವಾಗ ಬೇಕಾದರೂ ನಗಬಹುದು.

"ಸಾಹಿತ್ಯದಲ್ಲಿ ಎಂ.ಎ. ಮಾಡಿದಾಳೆ. ಬಾಯಿ ಮಾತ್ರ ಇನ್ನೂ ಅಡ್ಮಿಷನ್ ತಗೊಂಡಿಲ್ಲ."

ನಾಳೆ ಬಸ್ಸು. ವರ್ಷವಿಡೀ ಒಂದೇ ಹಳ್ಳಿಗೆ ಹೋಗಿ ಫೋಟೋ ತೆಗೆಯಬೇಕೆಂಬ ಹಟ. ಫೋಟೋ ಸಂಘದ ಪ್ರದರ್ಶನ ಫೆಬ್ರುವರಿಯಲ್ಲಿ. ಮಾವನ ಹಳೆಯ ಉದ್ದ ಲೆನ್ಸ್ ಇದೆ. ಯಾರನ್ನೂ ಮಾತಾಡಿಸದೆ ಎಲ್ಲರ ಹತ್ತಿರ ಹೋಗಬಹುದು.

ಜೂನ್ 8

ಬಿತ್ತನೆ. ಮಣ್ಣು ನೆನೆದ ಕಾಫಿಪುಡಿಯ ಬಣ್ಣ. ಬಸ್‌ಸ್ಟಾಪಿನ ಕಂಬಕ್ಕೆ ಒರಗಿ ನಿಂತರೆ ಹೊಲ, ರಸ್ತೆ, ಆಚೆಯ ನಾಲ್ಕು ಮನೆ, ಎಲ್ಲವೂ ಲೆನ್ಸಿಗೆ ಸಿಗುತ್ತವೆ. ಎದುರು ಮನೆಯ ವಯಸ್ಸಾದವರೊಬ್ಬರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. ಕ್ಯಾಮೆರಾ ಇಳಿಸಿ, ಬಸ್ಸಿನ ವೇಳಾಪಟ್ಟಿ ಓದುವವಳಂತೆ ಗೋಡೆ ನೋಡಿದೆ. ಗೋಡೆಯ ಮೇಲೆ ವೇಳಾಪಟ್ಟಿ ಇರಲಿಲ್ಲ.

ವಾಪಸ್ ಬಸ್ಸಿನ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದೆ. ಕಂಡಕ್ಟರ್ ಹೇಳಿದ: "ಅವರಾ? ಮೈಕ್ ಅಜ್ಜಿ. ಮನೆಯಿಂದ ಅವರು ಕೂಗಿದ್ರೆ ನಮ್ಮ ಡ್ರೈವರ್ ಹಿಂದಿನ ಸ್ಟಾಪಲ್ಲೇ ಬ್ರೇಕ್ ಹಾಕ್ತಾನೆ."

ಆಗಸ್ಟ್ 24

ಹಸಿರು. ಕ್ಯಾಮೆರಾವೇ ಗಲಿಬಿಲಿಗೊಂಡು ಎಲ್ಲರ ಮುಖಕ್ಕೂ ಹಸಿರು ಬಳಿಯಿತು. ಮೆಕ್ಕೆಜೋಳ ಆಳೆತ್ತರ. ಹುಲ್ಲು ಹೊತ್ತು ಹೋಗುವವರ ಬೆನ್ನು ಸಿಕ್ಕಿತು... ಈ ಊರಿನವರ ಬೆನ್ನುಗಳ ಪರಿಚಯ ನನಗೀಗ ಚೆನ್ನಾಗಿದೆ.

ಮಾವ ಒಂದೊಂದೇ ನೋಡಿದರು. "ಕೇಳಿ ತೆಗಿಯೋಕೆ ನಾಚ್ಕೆ. ಕೇಳದೆ ತೆಗಿಯೋಕೆ ಇಲ್ಲ. ಒಳ್ಳೆ ನಾಚ್ಕೆ ಕಣೇ ನಿಂದು."

ಊಟ ಸೇರಲಿಲ್ಲ.

ಅಕ್ಟೋಬರ್ 19, ಸಂಜೆ 7

ಸಿಕ್ಕಿತು!!

ಮಧ್ಯಾಹ್ನ ಮೂರಕ್ಕೆ ಇದ್ದಕ್ಕಿದ್ದಂತೆ ಕಪ್ಪು ಮೋಡ, ಅದರ ಕೆಳಗೊಂದು ಬಿಸಿಲ ಪಟ್ಟಿ. ಮೈಕ್ ಅಜ್ಜಿ ರಸ್ತೆಯಂಚಿಗೆ ಓಡಿ ಬಂದರು. ಒಣಹಾಕಿದ ಜೋಳ ಅವರ ಕಾಲ ಬಳಿ ಹಳದಿ ಹಾಸಿನಂತೆ, ಮೇಲೆ ಕಪ್ಪು ಆಕಾಶ. ಎಂಥ ಬಣ್ಣ! ದಪ್ಪ ಹನಿ ಬೀಳತೊಡಗಿತು. ಅಜ್ಜಿ ನನ್ನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದರು. ಬಾಯಿ ತೆರೆದಿತ್ತು. ಹಾಡುತ್ತಿದ್ದರೋ ಏನೋ, ಗಾಳಿಗೆ ಕೇಳಿಸಲಿಲ್ಲ. ನಲವತ್ತೊಂದು ಫ್ರೇಮ್. ಹದಿನೇಳನೆಯದು — ಅದೇ.

ಮೂಲೆಯಲ್ಲಿ ನೀಲಿ ತಾಡಪಾಲು ಬಂದು ಬಣ್ಣ ಕೆಡಿಸಿತ್ತು. ಕ್ರಾಪ್ ಮಾಡಿದೆ.

ಹನ್ನೊಂದು ಹೆಸರು ಹೊಡೆದುಹಾಕಿದ ಮೇಲೆ ಹನ್ನೆರಡನೆಯದು ನಿಂತಿತು: ಮಳೆಯ ಸಂಭ್ರಮ.

ಡಿಸೆಂಬರ್ 14

ಮಂಜು. ಹೊಲ ಬೋಳು. ಅಜ್ಜಿಯ ಬಾಗಿಲು ಮುಚ್ಚಿತ್ತು. ಗೋಡೆಗೆ ಒರಗಿಸಿದ ಚೀಲವೊಂದರ ಬಾಯಿ ಬಿಚ್ಚಿ ಕಾಳು ಚೆಲ್ಲಿತ್ತು. ಕಪ್ಪಗೆ, ಒಂದಕ್ಕೊಂದು ಅಂಟಿಕೊಂಡು. ಟೆಕ್ಸ್ಚರ್ ಚೆನ್ನಾಗಿತ್ತು. ತೆಗೆದೆ.

ಜನವರಿ 20, ಮಂಗಳವಾರ

ಸಂಘದ ಕಾರ್ಯದರ್ಶಿಯ ಫೋನ್. ಪ್ರದರ್ಶನಕ್ಕೆ ಕಳಿಸಿದ್ದ 'ಮಳೆಯ ಸಂಭ್ರಮ'ಕ್ಕೆ ಮೊದಲ ಬಹುಮಾನ. ಗೋಡೆಯಷ್ಟು ದೊಡ್ಡ ಪ್ರಿಂಟ್ ಮಾಡಿಸುತ್ತಾರಂತೆ. ಕ್ರಾಪ್ ಮಾಡದ ಮೂಲ ಫೈಲು ಬೇಕಂತೆ. ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಬಂದಳು. ಮಾವ ನನ್ನ ಕುರ್ಚಿ ಒರೆಸಿ "ಕೂತ್ಕೊಳ್ಳಿ ಮೇಡಂ" ಎಂದರು.

ಜನವರಿ 21

ಫೈಲು ಕಳಿಸಲೆಂದು ನಲವತ್ತೊಂದನ್ನೂ ತೆರೆದೆ. ಬಾಣದ ಕೀ ಒತ್ತಿ ಹಿಡಿದಾಗ ಒಂದರ ಹಿಂದೊಂದು ಸಿನಿಮಾದಂತೆ ಓಡಿದವು.

ಕೈ ಮೇಲೆ ಹೋಗುತ್ತದೆ. ಕೆಳಗೆ ಬರುತ್ತದೆ. ಮತ್ತೆ ಮೇಲೆ. ಅದು ಸಂಭ್ರಮದ ಕೈಯಲ್ಲ. ಕರೆಯುವ ಕೈ. ಇಪ್ಪತ್ಮೂರರಲ್ಲಿ ತಾಡಪಾಲಿನ ಒಂದು ತುದಿ ಅವರ ಹಿಡಿಯಲ್ಲಿದೆ, ಇನ್ನೊಂದು ತುದಿ ಗಾಳಿಯಲ್ಲಿ. ಮೂವತ್ತರಲ್ಲಿ ಮತ್ತೆ ನನ್ನ ಕಡೆ ತಿರುಗಿದ್ದಾರೆ. ಮೂವತ್ತೆಂಟು: ಮಂಡಿಯೂರಿ ಎರಡೂ ಕೈಯಲ್ಲಿ ಜೋಳ ಬಾಚುತ್ತಿದ್ದಾರೆ. ನಲವತ್ತೊಂದು: ಸುಮ್ಮನೆ ಕೂತಿದ್ದಾರೆ. ಅಲ್ಲಿಗೆ ನಿಲ್ಲಿಸಿದ್ದು ಲೆನ್ಸಿಗೆ ನೀರು ತಾಗಿತೆಂದು. ಒರೆಸಿಕೊಂಡು ಬಸ್ ಹತ್ತಿದ್ದೆ.

ಡಿಸೆಂಬರಿನ ಆ ಕಪ್ಪು ಕಾಳು...

ಮಾವನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿದರು. "ಒಬ್ಬರೇ ಹಿಡಿಯೋ ತಾಡಪಾಲಲ್ಲ ಅದು" ಎಂದರು. ಹೋಗಿ ಪ್ರಿಂಟರಿಗೆ ಕಾಗದ ತುಂಬಿಸಿದರು.

ಫೆಬ್ರುವರಿ 1, ಭಾನುವಾರ. ವಾಪಸ್ ಬಸ್ಸಿನಲ್ಲಿ

ಕ್ಯಾಮೆರಾ ಇಲ್ಲದೆ ಹೋದೆ. ಎಂಟು ತಿಂಗಳಲ್ಲಿ ಮೊದಲ ಸಲ ರಸ್ತೆ ದಾಟಿದೆ. ತೊಂಬತ್ತು ಹೆಜ್ಜೆ ಅಷ್ಟೇ.

"ಅಯ್ಯೋ, ಬಸ್‌ಸ್ಟಾಪ್ ಹುಡುಗಿ! ಬಾ ಬಾ, ಕೂತ್ಕೋ." ಆ ದನಿಗೆ ಕೋಳಿಗಳು ಚದುರಿದವು. ಚಹಾ ತಂದುಕೊಟ್ಟರು. ಲೋಟ ಬಿಸಿ ಎಂದು ತಮ್ಮ ಸೆರಗಿನಲ್ಲೇ ಹಿಡಿದುಕೊಟ್ಟರು.

"ಅವತ್ತು ಮಳೆ ಬಂತಲ್ಲ ಅಜ್ಜಿ..."

"ಬಂತು ಮಹರಾಯ್ತಿ. ಮನೇಲಿ ಒಂದು ನರಪಿಳ್ಳೆ ಇಲ್ಲ. ನಿನ್ನನ್ನೇ ಕರೆದೆ, ಆ ಕಡೆ ತುದಿ ಹಿಡ್ಕೊಳ್ಳಲಿ ಅಂತ. ನೀನು ನೋಡಿದ್ರೆ ಕಣ್ಣಿಗೆ ಆ ಡಬ್ಬ ಇಟ್ಕೊಂಡು ನಿಂತೇ ಇದ್ದೀಯ! ಪಾಪ, ಹುಡುಗಿಗೆ ಕಿವಿ ಕೇಳ್ಸಲ್ವೇನೋ ಅಂದ್ಕೊಂಡೆ." ಬಾಗಿ ನನ್ನ ಕಿವಿಯ ಹತ್ತಿರ ಬಂದು, ಇನ್ನೂ ಜೋರಾಗಿ: "ಈಗ ಕೇಳ್ಸುತ್ತಾ?"

"ಕೇಳ್ಸುತ್ತೆ."

"ಅವತ್ತು?"

"ಗಾಳಿ ಇತ್ತು" ಎಂದೆ.

"ಹೂಂ, ಗಾಳಿ ಇತ್ತು" ಎಂದು ಒಪ್ಪಿಕೊಂಡುಬಿಟ್ಟರು.

ಜೋಳ ಏನಾಯಿತೆಂದು ಕೇಳಿದೆ. "ಅರ್ಧಕ್ಕರ್ಧ ಬೂಷ್ಟು. ಕೋಳೀನೂ ಮೂಸಲಿಲ್ಲ." ಚಿತ್ರಕ್ಕೆ ಬಹುಮಾನ ಬಂದ ಸುದ್ದಿ ಹೇಳಿದೆ. ಚಿತ್ರಕ್ಕಿಟ್ಟ ಹೆಸರು ಹೇಳಲಿಲ್ಲ. ಅವರ ಮುಖ ಅರಳಿತು. "ಗೋಡೆಯಷ್ಟುದ್ದ? ನಾನಾ? ಬರ್ತೀನಿ ನೋಡು! ಹೊಸ ಚಪ್ಪಲಿ ಹಾಗೇ ಬಿದ್ದಿದೆ, ಹಾಕ್ಕೊಂಡು ಹೋಗೋಕೆ ಒಂದು ಜಾಗ ಇರ್ಲಿಲ್ಲ."

ಈಗ ಅಕ್ಟೋಬರಿನ ಪುಟ ತಿರುಗಿಸಿದೆ. 'ಗಾಳಿಗೆ ಕೇಳಿಸಲಿಲ್ಲ.' ಯಾರೂ ಓದದ ಪುಸ್ತಕ. ಇಲ್ಲಿಯೂ ಸುಳ್ಳು ಬರೆದಿದ್ದೇನೆ. ಕೇಳಿಸಿತ್ತು. 'ಏ ಹುಡುಗಿ, ಬಾರೇ, ಹಿಡ್ಕೋ ಬಾರೇ!' — ಒಂದಕ್ಷರ ಬಿಡದೆ. ಇದೊಂದು ಫ್ರೇಮ್ ಆಗಲಿ, ಹೋಗುತ್ತೇನೆ ಎಂದುಕೊಂಡೆ. ಇದೊಂದು. ಇದೊಂದು.

ಫೆಬ್ರುವರಿ 6

ಕಾರ್ಯದರ್ಶಿಗೆ ಫೋನ್ ಮಾಡಿದೆ. 'ಚಿತ್ರ ವಾಪಸ್ ತೆಗೆದುಕೊಳ್ಳುತ್ತೇನೆ' ಎಂದು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ: "ಸಾರ್, ಹೆಸರು ಬದಲಾಯಿಸಬಹುದಾ?"

"ಕ್ಯಾಟಲಾಗ್ ಪ್ರಿಂಟಾಗಿದೆಯಲ್ಲಮ್ಮ. ಇಷ್ಟು ಚೆನ್ನಾಗಿದೆ ಹೆಸರು! ಸಾಹಿತ್ಯ ಓದಿದೋರಿಗೇ ಹೊಳಿಯೋದು ಇವೆಲ್ಲ."

"ಥ್ಯಾಂಕ್ಸ್ ಸಾರ್" ಎಂದೆ. ಥ್ಯಾಂಕ್ಸ್!

ಫೆಬ್ರುವರಿ 22, ಭಾನುವಾರ. ಮಧ್ಯಾಹ್ನ 2

ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆ.

ಹನ್ನೊಂದಕ್ಕೆ ಅಜ್ಜಿ ಬಂದರು. ಗೋಡೆಯ ಮುಂದೆ ನಿಂತು ಕತ್ತೆತ್ತಿದರು. "ನಾನೇ ಇದು! ಕೈ ನೋಡಿ, ಈ ಕೈಯೇ!" ಜನ ಸೇರಿದರು. ಯಾರೋ ಚಪ್ಪಾಳೆ ತಟ್ಟಿದರು. ನಾನು ಕಂಬದ ಮರೆಯಲ್ಲಿದ್ದೆ. ಅಜ್ಜಿಯೇ ಹುಡುಕಿ ಎಳೆದು ತಂದರು.

"ಕೆಳಗೇನೋ ಬರ್ದಿದೆ. ನನಗೆ ಓದೋಕೆ ಬರಲ್ಲ, ಓದೇ."

ಏನು ಬೇಕಾದರೂ ಓದಬಹುದಿತ್ತು. ಇದ್ದದ್ದನ್ನೇ ಓದಿದೆ.

"ಸಂಭ್ರಮಾನಾ?" ಅಜ್ಜಿ ಸಭಾಂಗಣಕ್ಕೆಲ್ಲ ಕೇಳುವಂತೆ ನಕ್ಕರು. "ಯಾರಿಗೇ ಸಂಭ್ರಮ?"

ಕಾರ್ಯದರ್ಶಿ ನಡುವೆ ಬಂದರು. "ಅಂದ್ರೆ ಅಜ್ಜಿ, ಮಳೆ ಬಂದಾಗ ಹಳ್ಳಿಯವರಿಗೆ ಆಗೋ —"

"ನನಗೆ" ಎಂದೆ. ಯಾರಿಗೂ ಕೇಳಿಸಲಿಲ್ಲ. ದನಿ ಏರಿಸಿದೆ. "ನನಗೆ ಸಂಭ್ರಮ, ಅಜ್ಜಿ. ಗಾಳಿ ಇರ್ಲಿಲ್ಲ... ಇತ್ತು, ಆದ್ರೆ ಕೇಳಿಸಿತ್ತು. ನೀವು ಬಾ ಅಂದಿದ್ದು ಕೇಳಿಸಿತ್ತು. ನಾನು ಬರ್ಲಿಲ್ಲ. ಫೋಟೋ ತೆಗಿತಾ ಇದ್ದೆ."

ಕ್ಯಾಟಲಾಗ್ ಮಗುಚುತ್ತಿದ್ದವರೂ ನಿಲ್ಲಿಸಿದರು. ಮಾವ ನೆಲ ನೋಡುತ್ತಿದ್ದರು. ಅಜ್ಜಿ ಚಿತ್ರವನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು. ಅವರಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಗೊತ್ತಿತ್ತು ಕಣೇ. ಕರೆದಾಗ ನೀನು ಡಬ್ಬ ಇಳಿಸಿ ನನ್ನ ನೋಡಿದ್ದೆ. ಆಮೇಲೆ ಮತ್ತೆ ಕಣ್ಣಿಗೆ ಇಟ್ಕೊಂಡೆ."

ಅಷ್ಟೇ ಹೇಳಿದ್ದು. ಬಸ್ಸಿಗೆ ಹೊತ್ತಾಯಿತೆಂದು ಬಾಗಿಲ ಕಡೆ ನಡೆದರು. ಹೊಸ ಚಪ್ಪಲಿ ಕಚ್ಚಿ ಕುಂಟುತ್ತಿದ್ದರು. ನಾನು ಹಿಂದೆ ಓಡಿದೆ. ಗೇಟಿನ ಹತ್ತಿರ ಸಿಕ್ಕರು. ಕೈ ಹಿಡಿಯಲು ಹೋದೆ, ಅವರು ಕಚ್ಚುತ್ತಿದ್ದ ಚಪ್ಪಲಿ ಬಿಚ್ಚಿ ನನ್ನ ಕೈಗಿಟ್ಟರು: "ಹಿಡ್ಕೋ ಬಾರೇ, ಬಸ್‌ಸ್ಟಾಪಿನವರೆಗೆ."