ಜಗಲಿಗೆ ಬಂದ ಟ್ರಂಕು

ಕೋಡಿ, ಕುಂದಾಪುರ
20-11-2009, ಶುಕ್ರವಾರ
ಬೆಳಗಿನ ಜಾವ ಐದು ಗಂಟೆ

ಪ್ರೀತಿಯ ಅಕ್ಕಾ,

ನಾಲ್ಕೂ ಮುಕ್ಕಾಲಿಗೆ ತಗಡಿನ ಟ್ರಂಕನ್ನು ಸಿಮೆಂಟು ನೆಲದ ಮೇಲೆ ಎಳೆಯುವ ಸದ್ದು ಕೇಳಿ ಎದ್ದು ಕುಳಿತೆ. ನಿದ್ದೆಯಿಂದ ಅಂತ ಹೇಳಲಾರೆ. ನನ್ನ ಶ್ರಾವ್ಯ ಹುಟ್ಟಿ ಎಂಟು ತಿಂಗಳಾಯಿತು, ಅಂದಿನಿಂದ ನಾನು ನಿದ್ದೆ ಮಾಡುವುದೆಂದರೆ ಒಂದು ಕಿವಿ ತೆರೆದುಕೊಂಡೇ. ಅದು ಯಾರು ಎಳೆದ ಟ್ರಂಕು, ಎಲ್ಲಿಗೆ ಎಳೆದದ್ದು ಅಂತ ಹೇಳಲಿಕ್ಕೆ ನನ್ನ ಕೈ ಕುಣಿಯುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಆದರೆ ಮೊದಲು ನಿನ್ನ ಕೈ ಹೇಗಿದೆ ಹೇಳು. ಎಡಗೈ ಪೂರ್ತಿ ಮೇಲೆ ಎತ್ತಲಿಕ್ಕೆ ಬರುತ್ತದೆಯಾ? ಬಟ್ಟೆ ಹಿಂಡುವಾಗ ಮಣಿಕಟ್ಟು ಸೆಳೆಯುತ್ತದೆ ಅಂದಿದ್ದೆಯಲ್ಲ, ಕಡಿಮೆಯಾಯಿತಾ? ಸರಿಯಾಗಿ ಊಟ ಮಾಡುತ್ತಿದ್ದೀಯಾ? ಫೋನಿನಲ್ಲಿ ಇದನ್ನೆಲ್ಲ ಕೇಳಲಿಕ್ಕೆ ಎಲ್ಲಿ ಆಗುತ್ತದೆ? ಮುಂಬೈಗೆ ಯಾವಾಗ ಫೋನ್ ಮಾಡಿದರೂ ಎತ್ತುವುದು ದುಗ್ಗಪ್ಪ ಮಾವ. 'ಇಲ್ಲೆಲ್ಲ ಸಮ ಇತ್ತ್, ನೀ ಮಗಿನ್ನ್ ಕಾಣ್ಕ' ಅಂತ ಮಗುವಿನ ಕಡೆಗೆ ಮಾತು ತಿರುಗಿಸಿ ಇಟ್ಟುಬಿಡುತ್ತಾರೆ. ಮಾವ ಕೆಟ್ಟವರಲ್ಲ. ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನ, ಮರ್ಯಾದೆ ಹೋಗುತ್ತದೆ ಎಂಬ ಹೆದರಿಕೆ ಅವರದ್ದು. ಅದಕ್ಕೇ ಈ ಕಾಗದವನ್ನು ಒಣ ಸೀಗಡಿಯ ಡಬ್ಬದ ಅಡಿಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡುತ್ತಿದ್ದೇನೆ. ಮುಂಬೈ ಬಸ್ಸಿನ ಡ್ರೈವರ್ ಗೋವರ್ಧನಣ್ಣ ನಾಳೆ ಬೆಳಿಗ್ಗೆ ನಿನ್ನ ಕೈಗೇ ಕೊಡುತ್ತಾರೆ. ಬೇರೆ ಯಾರ ಕೈಗೂ ಕೊಡಬೇಡಿ ಅಂತ ನಿನ್ನೆಯೇ ಮೂರು ಸಲ ಹೇಳಿದ್ದೇನೆ. 'ಎಂತ ಮಾರಾಯ್ತಿ, ಸೀಗಡಿ ಒಳ್ಗೆ ಬಂಗಾರ ಇಟ್ಟಿದ್ಯಾ?' ಅಂತ ನಗಾಡಿದರು.

ಈಗ ಮೊದಲಿನಿಂದ ಹೇಳುತ್ತೇನೆ. ಮಂಗಳವಾರ ಶ್ರಾವ್ಯಳ ತೂಕ ನೋಡಿಸಲಿಕ್ಕೆ ಅಂಗನವಾಡಿಗೆ ಹೋಗಿದ್ದೆ. (ಏಳು ಕಿಲೋ ಇನ್ನೂರು! ಟೀಚರ್ ಪರವಾಗಿಲ್ಲ ಅಂದರು, ನನಗೆ ಮಾತ್ರ ಕಡಿಮೆಯೇನೋ ಅಂತ ಎರಡು ರಾತ್ರಿ ಚಿಂತೆ.) ಅಲ್ಲಿ ಸ್ತ್ರೀಶಕ್ತಿ ಸಂಘದವರನ್ನೂ ಕೂರಿಸಿಕೊಂಡು ಕುಂದಾಪುರದ ಸಾಂತ್ವನ ಕೇಂದ್ರದ ದಿವ್ಯಾ ಮೇಡಂ ಮಾತಾಡುತ್ತಿದ್ದರು. ಕೇಂದ್ರ ನಡೆಸುವುದು ಒಂದು ಸಂಸ್ಥೆ, ಖರ್ಚು ಸರ್ಕಾರದ್ದು. ಮೇಡಂ ಬೈಂದೂರಿನ ಕಡೆಯವರು, ನಮ್ಮ ಹಾಗೇ ಮಾತು. ಮನೆಯಲ್ಲಿ ಗಂಡ ಕೈ ಮಾಡಿದರೆ ನೀವೆಲ್ಲಿಗೆ ಹೋಗುತ್ತೀರಿ ಅಂತ ಕೇಳಿದರು. ಹೆಂಗಸರೆಲ್ಲ ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ, ಅಬ್ಬಿ ಮನೆಗೆ, ತವರಿಗೆ ಅಂದರು. ಹಿಂದೆ ಮೀನಿನ ಬುಟ್ಟಿ ಪಕ್ಕಕ್ಕಿಟ್ಟು ಕೂತಿದ್ದ ನಮ್ಮ ಪಕ್ಕದ ಮನೆ ಸರೋಜಕ್ಕ ಸುಮ್ಮನಿರಬೇಕಲ್ಲ. 'ಮೇಡಮ್ಮ, ನಾವ್ ಇಪ್ಪುದೇ ಅಬ್ಬಿ ಮನ್ಯಗೆ. ಇಲ್ಲಿಂದ ಇನ್ನ್ ಯಾವ ಅಬ್ಬಿ ಮನಿಗ್ ಹೋಪುದ್? ಕಡ್ಲಿಗಾ?' ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಮ್ಮೂ ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು, 'ಹಂಗಾರೆ ಮನಿ ನಿಮ್ದೇ ಅಲ್ದಾ? ನೀವ್ ಎಂತಕೆ ಹೋಯ್ಕ್? ಹೊಡ್ದವ್ರಿಗೂ ಒಂದ್ ಅಬ್ಬಿ ಮನಿ ಇತ್ತಲೇ?'

ಅಕ್ಕಾ, ನಾಲ್ಕು ತಿಂಗಳಿಂದ ನಾವು ಮಾಡಿದ್ದು ಎಂಥ ಕೆಲಸ ನೋಡು. ಮನೆ ಅಮ್ಮನದ್ದು, ಅಮ್ಮನ ಅಮ್ಮನದ್ದು, ನಾಳೆ ನಿನ್ನದು ಮತ್ತು ನನ್ನದು. ಗುಣಪಾಲ ಬಾವ ಒಂಬತ್ತು ವರ್ಷದ ಹಿಂದೆ ಒಂದು ಟ್ರಂಕು ಹಿಡಿದುಕೊಂಡು ಹಂಗಾರಕಟ್ಟೆಯ ತನ್ನ ಅಬ್ಬಿ ಮನೆಯಿಂದ ಇಲ್ಲಿಗೆ ಬಂದ ಅಳಿಯ. ಬಂದ ಅಳಿಯನಿಗೆ ಮೊದಲ ಬಡಿಸಾಟ, ದೊಡ್ಡ ಬಂಗುಡೆ, ಫ್ಯಾನಿನ ಕೆಳಗಿನ ಜಾಗ. ಅವನು ನಿನ್ನ ಕೈ ಮುರಿದ ದಿನ ನಾವೆಲ್ಲ ಕೂತು ಯೋಚಿಸಿದ್ದೇನು? ಗಿರಿಜಳನ್ನು ಎಲ್ಲಿಗೆ ಕಳಿಸುವುದು ಅಂತ! ಮಾವ ಬಂದು ನಿನ್ನನ್ನು ಮುಂಬೈಗೆ ಕರೆದುಕೊಂಡು ಹೋದರು. ಮನೆಯ ಮಗಳು ಬಸ್ಸು ಹತ್ತಿದಳು, ಬಂದ ಅಳಿಯ ಒಳಗೆ ಕೂತು ಗಂಜಿ ಉಂಡ. ಬಡಿಸಿದ್ದು ನಾನು. ಯಾವ ತಟ್ಟೆಯಲ್ಲಿ ಗೊತ್ತಾ? ಬಿ.ಎ. ಎರಡನೇ ವರ್ಷದಲ್ಲಿ 'ಮಹಿಳಾ ಸಬಲೀಕರಣ' ಅಂತ ಪ್ರಬಂಧ ಬರೆದು ಬಹುಮಾನ ತಂದಿದ್ದೆನಲ್ಲ, ಆ ಸ್ಟೀಲಿನ ತಟ್ಟೆಯಲ್ಲಿ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ಬಾವಿಕಟ್ಟೆಯಲ್ಲಿ ಜಾರಿದಳು ಅಂದದ್ದೂ ನಾನೇ. ನೀನು ನನ್ನ ಮುಖ ನೋಡಿದ್ದು ನೆನಪಿದೆ. 

ಮಂಗಳವಾರ ಸಂಜೆ ಅಮ್ಮನ ಹತ್ತಿರ ಹೇಳಿದೆ. ಸಿಕ್ಕಿದ್ದು ಬೈಗುಳ. 'ಬಾಯ್ ಮುಚ್ಚ್ ಹೆಣೆ. ಬಂದ ಅಳಿಯನ್ನ್ ಹೋಗ್ ಅಂಬುದಾ? ನಮ್ ಮನ್ಯಗೆ ಹಾಂಗಿಪ್ಪುದ್ ನಡುದಿಲ್ಲೆ.' ನಾನು ಬಿಡಲಿಲ್ಲ. ಬುಧವಾರ ಮಗುವಿಗೆ ಶೀತ ಅಂತ ಸುಳ್ಳು ಹೇಳಿ ಕುಂದಾಪುರಕ್ಕೆ ಹೋದೆ. ದಿವ್ಯಾ ಮೇಡಂ ಶ್ರಾವ್ಯಳನ್ನು ತಮ್ಮ ಮೇಜಿನ ಮೇಲೆ ಕೂರಿಸಿಕೊಂಡು ಎರಡು ಗಂಟೆ ನನ್ನ ಮಾತು ಕೇಳಿದರು. ನಡುವೆ ಒಂದು ಸಲವೂ, ಹೊಂದಿಕೊಂಡು ಹೋಗಿ ಅನ್ನಲಿಲ್ಲ! ಆಮೇಲೆ ಅವರೇ ಸಂರಕ್ಷಣಾಧಿಕಾರಿಯ ಹತ್ತಿರ ಕರೆದುಕೊಂಡು ಹೋದರು. ಇಂಥ ಕೇಸು ನೋಡಲಿಕ್ಕೆಂದೇ ಸರ್ಕಾರ ನೇಮಿಸಿದ ಅಧಿಕಾರಿ, ಅವರೂ ಹೆಂಗಸು. ಮೂರು ವರ್ಷದಿಂದ ಮನೆಯೊಳಗಿನ ಹೊಡೆತದ ವಿರುದ್ಧ ಒಂದು ಕಾನೂನೇ ಜಾರಿಯಲ್ಲಿದೆಯಂತೆ ಅಕ್ಕಾ. ಅದರ ಪೋಸ್ಟರು ಅಂಗನವಾಡಿಯ ಗೋಡೆಯಲ್ಲೇ ಇದೆ, ತೂಕದ ಪಟ್ಟಿಯ ಹಿಂದೆ. ತಿಂಗಳು ತಿಂಗಳೂ ನಾನು ಆ ಪಟ್ಟಿ ನೋಡಿಕೊಂಡು ಬಂದಿದ್ದೇನೆ, ಹಿಂದಿನದ್ದು ಕಾಣಲಿಲ್ಲ.

ಅವರು ಹೇಳಿದ್ದನ್ನು ಸರಳವಾಗಿ ಬರೆಯುತ್ತೇನೆ. ನಡೆದದ್ದನ್ನು ನೀನು ಹೇಳಬೇಕು, ಅವರು ಬರೆದುಕೊಂಡು ಕೋರ್ಟಿಗೆ ಕೊಡುತ್ತಾರೆ. ವಕೀಲರು ಪುಕ್ಕಟೆ. ಅವನು ನಿನ್ನನ್ನು ಮುಟ್ಟಬಾರದು, ಆ ಮನೆಯಲ್ಲಿ ಇರಬಾರದು ಅಂತ ನ್ಯಾಯಾಧೀಶರು ಆದೇಶ ಕೊಡಬಹುದು. ಆದೇಶ ಮೀರಿದರೆ ಅದೇ ಅಪರಾಧ. ಅವನನ್ನು ಜೈಲಿಗೆ ಹಾಕಿಸಬೇಕಾ ಅಂತ ನೀನು ಹೆದರುತ್ತೀ, ನನಗೆ ಗೊತ್ತು. ಅದನ್ನೂ ಕೇಳಿದೆ. ಮೊದಲಿಗೆ ಬೇಕಾದ್ದು ಅದಲ್ಲ, ನೀನು ನಿನ್ನ ಮನೆಯಲ್ಲಿ ಹೆದರದೆ ಮಲಗುವುದು ಅಂದರು. ಬಾವಿಕಟ್ಟೆಯ ಸುಳ್ಳನ್ನೂ ಹೇಳಿಬಿಟ್ಟೆ. ನಿಜ ಹೇಳಲಿಕ್ಕೆ ತಡ ಆಗಿಲ್ಲ, ನಿಮ್ಮ ಮಾತೂ ಬರೆಸಿ ಅಂದರು. ಖುಷಿಯಲ್ಲಿ ನಾನೊಂದು ಪೆದ್ದು ಪ್ರಶ್ನೆ ಕೇಳಿದೆ. ಅಕ್ಕನ ಅಕ್ಷರ ನನಗೆ ಬರುತ್ತದೆ, ಸಹಿ ನಾನೇ ಹಾಕಿದರೆ ಆಗುತ್ತದೆಯಾ ಅಂತ! ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. 'ಇಷ್ಟು ದಿನ ನಿಮ್ಮ ಅಕ್ಕನ ಬದಲು ಎಲ್ಲರೂ ಮಾತಾಡಿದ್ದು ಸಾಲದಾ?' ಅಂದರು. ನಾಚಿಕೆಯಾಯಿತು. ಸೋಮವಾರ ಹತ್ತು ಗಂಟೆಗೆ ನಿನ್ನ ಹೆಸರಿನಲ್ಲಿ ಸಮಯ ಇಟ್ಟಿದ್ದಾರೆ.

ಬುಧವಾರ ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ಬೈಯಲೂ ಇಲ್ಲ. ನಿನ್ನೆ ಸಂಜೆ ಶ್ರಾವ್ಯಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದವಳಿಗೆ ನಾನು ಒಂದೇ ಮಾತು ಹೇಳಿದೆ. ಅಮ್ಮಾ, ಬಾವ ಹೊರಗೆ ಕೆಮ್ಮಿದರೆ ಈ ಮಗು ಅಳು ನಿಲ್ಲಿಸುತ್ತದೆ, ಗಮನಿಸಿದ್ದೀಯಾ ಅಂತ. ನಿಜವಾಗಿ ಹಾಗೇ ಅಕ್ಕಾ. ಬಾಯಿ ತೆರೆದದ್ದು ತೆರೆದೇ ಇರುತ್ತದೆ, ಸದ್ದು ನಿಲ್ಲುತ್ತದೆ. ಎಂಟು ತಿಂಗಳ ಕೂಸಿಗೆ ಅದನ್ನು ಯಾರು ಕಲಿಸಿದರು? ಅಮ್ಮ ಮಗುವಿನ ತಲೆ ಸವರುತ್ತಾ ಕೂತಳು.

ಹಾಗೆ ಇವತ್ತು ಬೆಳಗಿನ ಜಾವ ಟ್ರಂಕಿನ ಸದ್ದು. ನಾನು ಹೆದರಿ ಸತ್ತೆ. ಬಾವ ಬೋಟಿನಿಂದ ಬೇಗ ಬಂದನೋ ಅಂತ ಮಗುವನ್ನು ಎತ್ತಿಕೊಂಡು ಬಾಗಿಲ ಸಂದಿಯಲ್ಲಿ ನೋಡಿದೆ. ಅಮ್ಮ! ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವನ ಟ್ರಂಕನ್ನು ಒಬ್ಬಳೇ ಜಗಲಿಗೆ ಎಳೆಯುತ್ತಿದ್ದಾಳೆ. ನನ್ನನ್ನು ಕಂಡು, 'ಎಂತ ಕಾಣ್ತಾ ನಿತ್ಕಂಡಿದ್ದೆ? ಒಂದ್ ಕೈ ಹಿಡಿ' ಅಂದಳು. ಶ್ರಾವ್ಯಳನ್ನು ಚಾಪೆಯ ಮೇಲೆ ಬಿಟ್ಟು ಹಿಡಿದೆ. ಆಚೆ ಹೋಗಿ ಮುಚ್ಚಳ ತೆಗೆದು ನೋಡಿದರೆ ಅಂಗಿ, ಲುಂಗಿ ಎಲ್ಲ ಒಗೆದು ಮಡಚಿ ಇಟ್ಟಿದ್ದಾಳೆ, ಮೇಲೆ ಒಂದು ಕಟ್ಟು ಹಲಸಿನ ಹಪ್ಪಳ. ಇದೆಂತದ್ದಮ್ಮಾ ಅಂದೆ. 'ಬಂದವ್ರನ್ನ್ ಬರೀ ಕೈಯಗೆ ಕಳ್ಸುಕಾಗ' ಅಂದಳು! ನನಗೆ ನಗು ಬಂತು, ಅಳುವೂ ಬಂತು. ಅಮ್ಮನಿಗೆ ಎರಡೂ ಬರಲಿಲ್ಲ. ಕೈ ತೊಳೆದುಕೊಂಡು ಒಲೆ ಹಚ್ಚಿದಳು. ಈಗ ನಿನ್ನ ಕೋಣೆ ಗುಡಿಸುತ್ತಿದ್ದಾಳೆ, ಪೊರಕೆಯ ಸದ್ದು ಕೇಳುತ್ತಾ ಇದನ್ನು ಬರೆಯುತ್ತಿದ್ದೇನೆ.

ಬಾವನ ಬೋಟು ಬರುವುದು ಸೋಮವಾರ ಸಂಜೆ. ಗೋವರ್ಧನಣ್ಣನ ಬಸ್ಸು ಭಾನುವಾರ ಮಧ್ಯಾಹ್ನ ಅಲ್ಲಿಂದ ಹೊರಡುತ್ತದೆ, ನಿನಗೆ ಕಿಟಕಿಯ ಸೀಟು ಇಡುತ್ತಾರಂತೆ. ಸೋಮವಾರ ಬೆಳಿಗ್ಗೆ ಶಾಸ್ತ್ರಿ ಸರ್ಕಲಿನಲ್ಲಿ ಮಗುವನ್ನು ಎತ್ತಿಕೊಂಡು ನಾನು ನಿಂತಿರುತ್ತೇನೆ. ಮನೆಗೆ ಬಂದು ಸ್ನಾನ ಮಾಡಿ, ಗಂಜಿ ಉಂಡು, ಹತ್ತು ಗಂಟೆಗೆ ಮೇಡಮ್ಮನ ಹತ್ತಿರ. ಬಾವ ಬರುವಷ್ಟರಲ್ಲಿ ನಿನ್ನ ಮಾತು ಬರೆದಾಗಿರುತ್ತದೆ. ಮಾವನ ಹತ್ತಿರ ಹೇಳಿಯೇ ಹೊರಡು, ಕದ್ದು ಬರಬೇಡ. ಬೇಡ ಅಂದರೆ, ಅಮ್ಮ ಕರೆದಿದ್ದಾಳೆ ಅನ್ನು. ಅದು ಸುಳ್ಳಲ್ಲ.

ಅತ್ತೆಗೆ ನನ್ನ ನಮಸ್ಕಾರ, ಮಾವನಿಗೂ. ಮೂಗಿನ ತುದಿಗೆ ಬೆಲ್ಲ ಅಂಟಿಸಿಕೊಂಡು ಕೂತಿರುವ ನಿನ್ನ ಶ್ರಾವ್ಯಳಿಂದ ನಿನಗೊಂದು ಅಂಟು ಮುತ್ತು. ಅಮ್ಮ ಸೀಗಡಿ ಡಬ್ಬಕ್ಕೆ ಇನ್ನೊಂದು ಹಿಡಿ ಹಾಕಿದಳು.

ನಿನ್ನ ತಂಗಿ,
ಶ್ರೀಲತಾ

ತಾ.ಕ.: ಗಂಟೆ ಎಂಟು. ಗೋವರ್ಧನಣ್ಣ ಗೇಟಿನಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಸರೋಜಕ್ಕ ಬುಟ್ಟಿ ಹೊತ್ತು ಹೋಗುವಾಗ ಟ್ರಂಕು ನೋಡಿ, 'ಹ್ವಾಯ್ ಸೀತಕ್ಕ, ಪೆಟ್ಗಿ ಎಲ್ಲಿಗ್ ಹೊರ್ಟದ್?' ಅಂದಳು. ಅಮ್ಮ ತಲೆ ಎತ್ತದೆ, 'ಹಂಗಾರ್ಕಟ್ಟಿಗೆ' ಅಂದಳು. ಸರೋಜಕ್ಕ ಬುಟ್ಟಿ ಇಳಿಸಿ ಅಮ್ಮನ ಕೈ ಹಿಡಿದುಕೊಂಡಳು. ಆಮೇಲೆ ಅವಳು ಒಂದು ಸುದ್ದಿ ಹೇಳಿದಳು. ಅವಳ ಮಗ ಬಾವನ ಬೋಟಿನಲ್ಲೇ ಇದ್ದಾನಲ್ಲ, ರಾತ್ರಿ ವಯರ್ಲೆಸ್ಸಿನಲ್ಲಿ ಹೇಳಿಕಳಿಸಿದನಂತೆ. ಬೋಟು ತುಂಬ ಬಂಗುಡೆ ಸಿಕ್ಕಿದೆಯಂತೆ, ಸೋಮವಾರ ಅಲ್ಲ, ಭಾನುವಾರ ಬೆಳಿಗ್ಗೆಯೇ ದಡಕ್ಕೆ ಬರುತ್ತದಂತೆ. ನೀನಿನ್ನೂ ಬಸ್ಸೇ ಹತ್ತಿರುವುದಿಲ್ಲ. ಶ್ರಾವ್ಯಳ ಅಪ್ಪ ಮಲ್ಪೆಯ ಬೋಟಿನಲ್ಲಿ, ಬರುವುದಕ್ಕೆ ಇನ್ನೂ ಐದು ದಿನ. ಮನೆಯಲ್ಲಿ ನಾನು, ಅಮ್ಮ, ಮಗು. ಬಾವ ಏನು ಹೇಳುತ್ತಾನೆ ಅಂತ ನಿನಗೆ ಗೊತ್ತು, ಅಮ್ಮನಿಗೆ ಮೊದಲೂ ಹೇಳಿದ್ದಾನೆ: 'ನನ್ನ್ ಕರ್ಕಂಡ್ ಬಂದದ್ ಗಿರಿಜ. ಹೋಗ್ ಅಂದ್ ಹೇಳೂದಾರೆ ಅದೇ ಹೇಳ್ಲಿ.' ದಿವ್ಯಾ ಮೇಡಮ್ಮಿಗೆ ಈಗಲೇ ಫೋನ್ ಮಾಡಿದೆ. ನೀನು ಒಂದು ಮಾತು, ನಿನ್ನ ಬಾಯಿಂದಲೇ, ಅವನು ಈ ಮನೆಯಲ್ಲಿ ಇರುವುದು ಬೇಡ, ನಾನು ಸೋಮವಾರ ಬಂದು ಬರೆಸುತ್ತೇನೆ ಅಂದರೆ ಸಾಕಂತೆ. ಭಾನುವಾರ ಬೆಳಿಗ್ಗೆ ಅವರೂ ಒಬ್ಬ ಮಹಿಳಾ ಪೊಲೀಸರೂ ನಮ್ಮ ಜಗಲಿಯಲ್ಲಿ ಕೂತಿರುತ್ತಾರಂತೆ. ಟ್ರಂಕು ಒಳಗೆ ತರುವುದಾ ಅಂತ ಅಮ್ಮನನ್ನು ಕೇಳಿದೆ. ತರುವುದಿಲ್ಲವಂತೆ. ಮಾವನ ಫೋನ್ ಬೇಡ, ಬಿಲ್ಡಿಂಗಿನ ಕೆಳಗಿನ ಕಾಯಿನ್ ಬೂತಿನಿಂದ ನನ್ನ ಮೊಬೈಲಿಗೆ ಮಾಡು. ಡಬ್ಬದಲ್ಲಿ ಸೀಗಡಿಯ ಮೇಲೆ ಒಂದು ರೂಪಾಯಿಯ ನಾಣ್ಯ ಒಂದು ಹಿಡಿ ಇಟ್ಟಿದ್ದೇನೆ, ವಾಸನೆ ಬಂದರೆ ತೊಳೆದುಕೋ. ನಾನು ಹೇಗೂ ಮಲಗುವುದಿಲ್ಲ, ಎಷ್ಟು ಹೊತ್ತಿಗಾದರೂ ಮಾಡು. ಭಾನುವಾರ ಬೆಳಕು ಹರಿಯುವ ಮುಂಚೆ ಮಾತ್ರ ಮಾಡು ಅಕ್ಕಾ, ನಿನ್ನ ದಮ್ಮಯ್ಯ, ಬೆಳಗಾಗುವ ಮುಂಚೆ ಫೋನ್ ಮಾಡು.