ಅಂಗೈಗೆ ಬಂದ ಚಿತ್ರ

ಮನೆ, ಕಿಟಕಿಯ ಬದಿ
ಜೂನ್ ೧೨, ಗುರುವಾರ ಸಂಜೆ

ಪ್ರೀತಿಯ ತಂಗೀ,

ನಿನ್ನ ಬೆನ್ನುನೋವು ಹೇಗಿದೆ? ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳನ್ನು ಎತ್ತಿ ಕೂರಿಸುವವಳು ನೀನು. ನಿನ್ನನ್ನು ಎತ್ತಿ ಕೂರಿಸುವವರು ಅಲ್ಲಿ ಯಾರೂ ಇಲ್ಲವೆಂದು ನೆನಪಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಆರೋಗ್ಯ ಕೇಳಬೇಡ, ಕಲ್ಲುಗುಂಡಿನ ಹಾಗಿದ್ದೇನೆ.

ಫೋನಿನಲ್ಲಿ ನೀನು "ಇನ್ನೊಂದು ವರ್ಷ ಇಲ್ಲೇ ಇದ್ದುಬಿಡ್ತೀನಿ ಅಣ್ಣ, ನಾನಿದ್ರೂ ಇಲ್ದಿದ್ರೂ ಮಗಳಿಗೆ ಒಂದೇ" ಅಂದೆ. ತಿಂಗಳ ಕೊನೆಗೆ ಕೆಲಸದ ಕರಾರಿಗೆ ಸಹಿ ಹಾಕಬೇಕಂತೆ. ಅದಕ್ಕೇ ಈ ಕಾಗದ.

ಚಮಚಗಳನ್ನು ಸಾಲಾಗಿ ಜೋಡಿಸುತ್ತಾಳೆಂದು ನಿನ್ನ ಮಗಳಿಗೆ ನಾನು ಇರುವೆ ಎಂದು ಹೆಸರಿಟ್ಟಿದ್ದೇನೆ, ಅವಳದೇನೂ ತಕರಾರಿಲ್ಲ. ಆಟಿಸಂ ಇರುವ ಮಕ್ಕಳ ಥೆರಪಿ ಕೇಂದ್ರಕ್ಕೆ ದಿನವೂ ನಾವಿಬ್ಬರೂ ಹೋಗುತ್ತೇವೆ. ಆ ಕೋಣೆಯನ್ನು ನೀನು ನೋಡಬೇಕು. ನೀಲಿ ಪರದೆಯಿಂದ ಸೋಸಿ ಬರುವ ಬೆಳಕು, ನೆಲದ ತುಂಬ ಮೆತ್ತೆ, ನಡುವೆ ಬಟ್ಟೆಯ ಉಯ್ಯಾಲೆ. ಅವಳು ಅದರೊಳಗೆ ಮುದುರಿ ತೂಗುತ್ತಿದ್ದರೆ ಕೋಣೆಯೇ ನೀರಿನಡಿಗೆ ಇಳಿದಂತೆ, ನಾವೆಲ್ಲ ಮೀನುಗಳಾದಂತೆ ಅನ್ನಿಸುತ್ತದೆ. ಗೋಡೆಗೊರಗಿ ನಾನೂ ಅರ್ಧ ಕನಸಿಗೆ ಜಾರುತ್ತೇನೆ. ಗೊರಕೆ ಹೊಡೆದೆನೆಂದು ಥೆರಪಿಸ್ಟ್ ಹುಡುಗಿ ಹೇಳುವುದು ಶುದ್ಧ ಸುಳ್ಳು.

ಮಾತು ಬಾರದ ಮಕ್ಕಳಿಗೆ ಆ ಹುಡುಗಿ ಚಿತ್ರ ಕೊಟ್ಟು ಕೇಳುವುದನ್ನು ಕಲಿಸುತ್ತಾಳೆ. ಲೋಟದ ಚಿತ್ರವನ್ನು ನಮ್ಮ ಅಂಗೈಗಿಟ್ಟರೆ ನೀರು, ಉಯ್ಯಾಲೆಯದಾದರೆ ಉಯ್ಯಾಲೆ. ಕೇಳಿದ್ದನ್ನು ಆ ಕ್ಷಣವೇ ಕೊಡಬೇಕು; ತಡವಾದರೆ ಕೇಳಿ ಪ್ರಯೋಜನವಿಲ್ಲವೆಂದು ಮಗು ತಿಳಿದುಬಿಡುತ್ತದೆ. ಇದು ಅಲ್ಲಿನ ನಿಯಮ. ಉಳಿದ ಮಕ್ಕಳೆಲ್ಲ ಕಲಿತರೂ ನಮ್ಮ ಇರುವೆ ಒಂದು ಚಿತ್ರವನ್ನೂ ಮುಟ್ಟಲಿಲ್ಲ. ಕಾರಣ ನಾನೇ ಅಂತೆ. ಅವಳ ಕಣ್ಣು ಹೊರಳುವುದರೊಳಗೆ ನಾನು ನೀರು ಹಿಡಿದು ನಿಂತಿರುತ್ತಿದ್ದೆ. ಅವಳ ಮನಸ್ಸು ಓದುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ ಹೇಳು. ಥೆರಪಿಸ್ಟ್ "ಮಾವ, ನೀವು ಸ್ವಲ್ಪ ದಡ್ಡರಾಗಿ. ಏನೂ ಗೊತ್ತಿಲ್ಲದೋರ ಹಾಗೆ ಸುಮ್ನೆ ಕೂತ್ಕೊಳ್ಳಿ" ಎಂದಳು. ಊರ ಶಾಲೆಯಲ್ಲಿ ಹಾಗೆ ಕೂತಿದ್ದಕ್ಕೇ ಮೇಷ್ಟ್ರ ಬೆತ್ತ ಮುರಿದಿತ್ತು. ಇಲ್ಲಿ ಭೇಷ್ ಎನ್ನಿಸಿಕೊಂಡೆ. ಇರುವೆ ನೀರಿನ ಹೂಜಿ ನೋಡಿದಳು, ನನ್ನನ್ನು ನೋಡಿದಳು. ನಾನು ಸೂರು ನೋಡಿದೆ. ಕೈ ಕಚ್ಚಿಕೊಂಡು ಅತ್ತಳು, ನನ್ನ ಕಣ್ಣೂ ತುಂಬಿತು. ಕೊನೆಗೆ ಲೋಟದ ಚಿತ್ರ ನಿಧಾನವಾಗಿ ಬಂದು ನನ್ನ ಅಂಗೈ ಮೇಲೆ ಕೂತಿತು, ಗಾಳಿಯಲ್ಲಿ ತೇಲಿದ ಎಲೆ ಇಳಿದ ಹಾಗೆ. ಗಡಿಬಿಡಿಯಲ್ಲಿ ಅರ್ಧ ನೀರು ನನ್ನ ಅಂಗಿಗೇ ಚೆಲ್ಲಿತು ಬಿಡು.

ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನೂರು ಕಾಲ ಸುಖವಾಗಿರು.

ನಿನ್ನ ಅಣ್ಣ,
ಸದ್ಯಕ್ಕೆ ಕೇಂದ್ರದ ಅತ್ಯುತ್ತಮ ದಡ್ಡ

ತಾ.ಕ.: ಚಿತ್ರಗಳ ಹಲಗೆಯ ಮೇಲೆ ನಿನ್ನ ಫೋಟೋವನ್ನೂ ಅಂಟಿಸಿದ್ದೆ. ಕೊಡಲಾಗದ್ದನ್ನು ಅಲ್ಲಿಡಬಾರದೆಂದು ಥೆರಪಿಸ್ಟ್ ಗದರಿದ್ದಳು, ನಾನು ಕೇಳುತ್ತೇನೆಯೇ? ಇವತ್ತು ಇರುವೆ ಅದನ್ನು ಕಿತ್ತು ತಂದು ನನ್ನ ಅಂಗೈಗಿಟ್ಟಳು. ಮನೆಗೆ ಬಂದಾಗಿನಿಂದ ಬಾಗಿಲನ್ನೇ ನೋಡುತ್ತಾ ಕೂತಿದ್ದಾಳೆ. ನಿಯಮವನ್ನು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಓದಿಕೋ. ಸಹಿ ಹಾಕಬೇಡ, ಬಾ.